ಹಡಗಿನ ಹೊತ್ತು

ಮಂಜು ಇಳಿದ ದಿನ ಪೆಟ್ರೆಲ್ ದ್ವೀಪದಲ್ಲಿ ಕಣ್ಣಿಗೆ ಕೆಲಸವಿಲ್ಲ, ಎಲ್ಲಾ ಕಿವಿಗೇ. ನೀರು ಕಲ್ಲನ್ನು ನೆಕ್ಕುವ ಸದ್ದು ಎಡಕ್ಕೆ ಕೇಳಿದರೆ ದಾರಿ ಸರಿಯಾಗಿದೆ ಎಂದು ಅರ್ಥ. ಬಲಕ್ಕೆ ಕೇಳಿದರೆ ಹೋಗಬೇಕಾದ ಮನೆಯನ್ನು ಆಗಲೇ ದಾಟಿ ಬಂದಾಗಿದೆ. ಮರ್ಟಲ್ ಗಪ್ಟಿಲ್ ಅರವತ್ತೆಂಟು ವರ್ಷ ಹೀಗೆಯೇ ನಡೆದವಳು. ಆ ಬುಧವಾರವೂ ಕಂಕುಳಲ್ಲಿ ನೋಟುಬುಕ್ಕು ಇಟ್ಟುಕೊಂಡು, ಶುಂಠಿ ಬಿಸ್ಕತ್ತಿನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ವೆಂಡೆಲ್ ಇಂಗರ್ಸಾಲನ ಮನೆಗೆ ಹೊರಟಿದ್ದಳು. ಒಂಬತ್ತು ದಿನದಿಂದ ದಿನವೂ ಹೋಗುತ್ತಿದ್ದಾಳೆ. ಒಂಬತ್ತು ದಿನದಿಂದ ವೆಂಡೆಲನ ಕಂಪ್ಯೂಟರಿಗೆ ಮೇಲ್ ಬರುತ್ತಿಲ್ಲ, ಅಲ್ಲಿಂದ ಹೋಗುತ್ತಲೂ ಇಲ್ಲ.

ಬೇರೆ ಮನೆಯಲ್ಲಾಗಿದ್ದರೆ ಇದು ದೊಡ್ಡ ಮಾತಲ್ಲ. ಜನ ಅಂಗಡಿ ಮುಂದೆ ನಿಂತು ನಾಲ್ಕು ಮಾತು ಬೈದು ಸುಮ್ಮನಾಗುತ್ತಾರೆ. ವೆಂಡೆಲನಿಗೆ ಬೈಯುವುದಕ್ಕೂ ದನಿಯಿಲ್ಲ. ನಾಲ್ಕು ವರ್ಷದ ಹಿಂದೆ ಗಂಟಲಲ್ಲಿ ಗಂಟು ಎಂದು ಆಚೆ ದಡದ ಆಸ್ಪತ್ರೆಗೆ ಹೋದವನು ಗಂಟಿನ ಜೊತೆಗೆ ದನಿಯನ್ನೂ ಅಲ್ಲೇ ಬಿಟ್ಟು ಬಂದ. ಎದುರಿಗಿದ್ದವರಿಗೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾನೆ, ದೂರದವರಿಗೆ ಮೇಲ್ ಬರೆಯುತ್ತಾನೆ. ದೂರದವರು ಎಂದು ಅವನಿಗೆ ಇರುವುದು ಒಬ್ಬನೇ, ಅಣ್ಣ ಲೀಮನ್.

ಲೀಮನ್ ಮೂವತ್ತು ವರ್ಷ ನಮ್ಮ ಹಡಗಿನ ಕಪ್ತಾನನಾಗಿದ್ದವನು. ಈಗ ಎಂಬತ್ತೆರಡಾಗಿದೆ, ಎದೆ ಕೆಟ್ಟು ಅದೇ ಆಸ್ಪತ್ರೆಯಲ್ಲಿ ಮಲಗಿದ್ದ. ಮರುದಿನ, ಗುರುವಾರ ಬೆಳಿಗ್ಗೆ, ಎದೆ ಬಿಚ್ಚಿ ಆಪರೇಷನ್. ಕಾಲೀನ್ ಎಂಬ ನರ್ಸು ಮೇಲ್‌ನಲ್ಲಿ ಬಂದ ವೆಂಡೆಲನ ಕಾಗದವನ್ನು ಅಣ್ಣನಿಗೆ ಓದಿ ಹೇಳುವುದು, ಅಣ್ಣ ಹೇಳಿದ್ದನ್ನು ಬರೆದು ಕಳಿಸುವುದು ಎಂದು ಮಾತಾಡಿಕೊಂಡು ವೆಂಡೆಲ್ ಮನೆಗೆ ಬಂದಿದ್ದ. ಬಂದ ದಿನದಿಂದ ಒಂದು ಅಕ್ಷರವೂ ನೀರು ದಾಟಿಲ್ಲ. ಇವನೇ ಎದ್ದು ಹೋಗೋಣವೆಂದರೆ ದೊಡ್ಡ ಹಡಗು ರಿಪೇರಿಗೆ ಹೋಗಿದೆ, ಬದಲಿಗೆ ಕೊಟ್ಟ ಚಿಕ್ಕ ದೋಣಿ ಮಂಜಿದ್ದರೆ ಹೊರಡುವುದೇ ಇಲ್ಲ. ಅಣ್ಣನಿಗೆ ಹೇಳಬೇಕಾದ ಮಾತೊಂದು ವೆಂಡೆಲನಲ್ಲಿ ಉಳಿದುಬಿಟ್ಟಿತ್ತು. ಇವತ್ತು ಸಂಜೆಯೊಳಗೆ ಅದು ಆಚೆ ದಡ ಮುಟ್ಟದಿದ್ದರೆ, ಆಮೇಲೆ ಕೇಳಿಸಿಕೊಳ್ಳಲು ಅಣ್ಣ ಇರುತ್ತಾನೋ ಇಲ್ಲವೋ ಯಾರಿಗೆ ಗೊತ್ತು.

ತನ್ನ ಮನೆಯ ಕಂಪ್ಯೂಟರಿನಿಂದ ಕಳಿಸೋಣ ಎಂದು ಮರ್ಟಲ್ ಮೊದಲ ದಿನವೇ ಹೇಳಿದ್ದಳು. ವೆಂಡೆಲ್ ಸ್ಲೇಟು ಎತ್ತಿ ಹಿಡಿದಿದ್ದ.

"ನಿನ್ ಡಬ್ಬಿಯಿಂದ ಬೇಡ ಮಾರಾಯ್ತಿ. ಈ ಊರ್ ಮಾತೆಲ್ಲಾ ನಿನ್ ಕಿವೀಲಿ ಹಾದು ಹೋಗಿದ್ದು ಸಾಲ್ದಾ?"

ತಮಾಷೆಗೆ ಬರೆದದ್ದು, ಆದರೆ ಮಾತು ನಿಜ.

ಹದಿನೇಳು ತುಂಬಿದ ವರ್ಷ ಮರ್ಟಲ್ ಓದು ಬಿಟ್ಟು ಟೆಲಿಫೋನ್ ಎಕ್ಸ್‌ಚೇಂಜಿನ ಕುರ್ಚಿಯಲ್ಲಿ ಕೂತಳು. ಅಂಚೆಮನೆಯ ಹಿಂದಿನ ಕೋಣೆ, ಎದುರಿಗೆ ತೂತು ತೂತಿನ ಹಲಗೆ, ಮಡಿಲ ತುಂಬ ತಂತಿ. ಯಾವ ಮನೆಯ ದೀಪ ಹತ್ತಿಕೊಂಡಿತೋ ಆ ತೂತಿಗೆ ತಂತಿ ಚುಚ್ಚಿ, ಯಾರು ಬೇಕು ಎಂದು ಕೇಳಬೇಕು. ಆರು ತಿಂಗಳಲ್ಲಿ ಕೇಳುವ ಅಗತ್ಯವೇ ಹೋಯಿತು. ಉಸಿರು ಕೇಳಿದರೆ ಸಾಕು, ಯಾರು ಯಾರನ್ನು ಕರೆಯುತ್ತಿದ್ದಾರೆ, ಸುದ್ದಿ ಸಿಹಿಯೋ ಕಹಿಯೋ, ಎಲ್ಲಾ ಅವಳಿಗೆ ತಿಳಿಯುತ್ತಿತ್ತು. ಕೇಳಿದ್ದು ಕೇಳಿದಲ್ಲೇ ಇರಬೇಕು ಎಂಬ ಒಂದೇ ಪಾಠವನ್ನು ಅವಳಿಗೆ ಕಲಿಸಿದ್ದರು. ಅದನ್ನವಳು ಮುರಿಯಲಿಲ್ಲ. ನಾಲ್ಕು ವರ್ಷಕ್ಕೆ ತಾನಾಗಿಯೇ ಕೂಡಿಸುವ ಯಂತ್ರ ಬಂದು ಹಲಗೆಯನ್ನು ಹಡಗಿಗೆ ಹಾಕಿ ಒಯ್ದರು. ಅವಳು ಹೆರಿಂಗ್ ಮೀನಿಗೆ ಹೊಗೆ ಹಾಕುವ ಕೊಟ್ಟಿಗೆಗೆ ಕೆಲಸಕ್ಕೆ ಹೋದಳು. ಬರ್ಟನ್‌ನನ್ನು ಮದುವೆಯಾದಳು, ಎರಡು ಹೆಣ್ಣು ಹೆತ್ತಳು, ಬರ್ಟನ್‌ನನ್ನು ಮಣ್ಣಿಗೆ ಕೊಟ್ಟಳು. ಈಗಲೂ ನಿದ್ದೆ ಹತ್ತುವ ಹೊತ್ತಿಗೆ ಅವಳ ಬೆರಳುಗಳು ಹೊದಿಕೆಯ ಮೇಲೆ ತಂತಿ ಹುಡುಕುತ್ತವೆ.

ಊರಿಗೆ ಮೇಲ್ ಬಂದಾಗ ಜನ ತಾವಾಗಿಯೇ ಅವಳ ಬಾಗಿಲಿಗೆ ಬಂದರು. ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿದೆಯೋ ಅವಳಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ: ಎರಡು ತುದಿ ಕೂಡದೇ ಹೋದಾಗ ಪ್ರತಿ ತುದಿಯೂ ತಪ್ಪು ಆಚೆ ತುದಿಯದು ಎನ್ನುತ್ತದೆ. ತಪ್ಪು ಯಾರದು ಎಂದು ಕೇಳುತ್ತ ಕೂತರೆ ಆಗುವುದಿಲ್ಲ. ಇಬ್ಬರೂ ಕೊನೆಯ ಸಲ ಚೆನ್ನಾಗಿ ಮಾತಾಡಿದ್ದು ಯಾವಾಗ, ಆಮೇಲೆ ಬದಲಾದದ್ದು ಏನು, ಅದನ್ನು ಕೇಳಬೇಕು. ಪರದೆಯ ಮೇಲೆ ಬಂದ ಮಾತನ್ನು ಅವಳು ಅಕ್ಷರ ಬಿಡದೆ ನೋಟುಬುಕ್ಕಿಗೆ ಇಳಿಸುತ್ತಿದ್ದಳು. ಇಷ್ಟರಲ್ಲೇ ಊರಿನ ಅರ್ಧಕ್ಕರ್ಧ ಮೇಲ್ ಸರಿಹೋಗುತ್ತಿತ್ತು.

ಹಡಗುಕಟ್ಟೆ ಹತ್ತಿರ ಬಂದಾಗ ಗಡಿಯಾರದ ಗೋಪುರ ಮಂಜಿನೊಳಗಿಂದ ಅರ್ಧ ಮಾತ್ರ ಹೊರಬಂತು. ಕಾಲಿಲ್ಲ, ಮುಖ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಹನ್ನೊಂದಕ್ಕೆ ಐದು ನಿಮಿಷ ಕಡಿಮೆ. ಅದು ಹಡಗಿನ ಹೊತ್ತು. ಲೋಕದ ಗಂಟೆಗಿಂತ ಹತ್ತು ನಿಮಿಷ ಮುಂದೆ. ದ್ವೀಪದ ಗಡಿಯಾರಗಳೆಲ್ಲ ಹಾಗೇ ಓಡುತ್ತವೆ. ಶಾಲೆಯದು, ಚರ್ಚಿನದು, ಒಲೆಯ ಮೇಲಿನದು, ಕೈಯ ಮೇಲಿನದು. ಹೊರಗಿನವರ ಜೊತೆ ಮಾತಾಡುವಾಗ ನಾಲಿಗೆ ತಾನಾಗಿ ಹತ್ತು ಕಳೆದು ಹೇಳುತ್ತದೆ. ಕಳೆದೆವೆಂದು ನಮಗೇ ತಿಳಿಯುವುದಿಲ್ಲ. ಮಕ್ಕಳಿಗೆ ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ, ಈಜು ಬಂದ ಹಾಗೆ ಬರುತ್ತದೆ.

ಇದನ್ನು ಶುರುಮಾಡಿದವನು ಲೀಮನ್. ಕಪ್ತಾನನಾದ ಹೊಸದರಲ್ಲಿ ಅವನು ಯಾರಿಗೂ ಒಂದು ನಿಮಿಷ ಕಾಯುತ್ತಿರಲಿಲ್ಲ. ಏಳೂವರೆ ಎಂದರೆ ಏಳೂವರೆಗೆ ಹಗ್ಗ ಬಿಚ್ಚಿಸುತ್ತಿದ್ದ, ಓಡಿ ಬರುತ್ತಿರುವವರು ಪಾದ್ರಿಯಾದರೂ ಸರಿ. ಆಮೇಲೊಂದು ದಿನ ಯಾರಿಗೂ ಹೇಳದೆ ಏಣಿ ಹತ್ತಿ ಕಟ್ಟೆಯ ಗಡಿಯಾರವನ್ನು ಹತ್ತು ನಿಮಿಷ ಮುಂದೆ ತಿರುಗಿಸಿಟ್ಟ. ತನ್ನ ಜೇಬಿನ ಗಡಿಯಾರವನ್ನು ಮುಟ್ಟಲಿಲ್ಲ. ಜನಕ್ಕೆ ಗೊತ್ತಾಯಿತು, ನಕ್ಕರು, ಆದರೂ ಅದಕ್ಕೇ ಒಗ್ಗಿಹೋದರು. ಅಲ್ಲಿಂದ ಮುಂದೆ ನಮ್ಮ ಊರಿನವರು ಯಾರೂ ಹಡಗು ತಪ್ಪಿಸಿಕೊಂಡದ್ದಿಲ್ಲ.

ಗಡಿಯಾರ ತಿರುಗಿಸಿದ್ದು ಯಾಕೆ ಎಂದು ಲೀಮನ್ ಯಾರ ಬಳಿಯೂ ಹೇಳಿಲ್ಲ. ಊರಿಗೆ ಗೊತ್ತಿರುವುದು ಒಂದು ನಗೆಯ ಕಥೆ. ಗಡಿಯಾರ ತಿರುಗಿಸುವುದಕ್ಕೆ ಕೆಲವೇ ದಿನ ಮೊದಲು, ಇಪ್ಪತ್ತನಾಲ್ಕರ ವೆಂಡೆಲ್ ಹೊಸ ಸೂಟು ಹಾಕಿಕೊಂಡು ಕಟ್ಟೆಯ ತುದಿಗೆ ಓಡಿ ಬಂದಾಗ ಹಡಗಿಗೂ ಕಟ್ಟೆಗೂ ಎರಡು ಮಾರು ನೀರು. "ಅಣ್ಣಾ, ನಾನು ಕಣೋ" ಎಂದು ಇವನು ಕೂಗಿದ. "ಗೊತ್ತು, ನೀನಲ್ದೆ ಇನ್ಯಾರು ತಡ ಮಾಡ್ತಾರೆ" ಎಂದು ಅವನು ಮೇಲಿನಿಂದ ಹೇಳಿದ. ಹಡಗು ಹೊರಟೇಹೋಯಿತು. ಐವತ್ತು ವರ್ಷದಿಂದ ಈ ಮಾತಿಗೆ ಜನ ನಗುತ್ತಿದ್ದಾರೆ.

ಮರ್ಟಲ್ ನಗುವುದಿಲ್ಲ. ಆ ದಿನ ಹಲಗೆಯ ಮುಂದೆ ಕೂತಿದ್ದವಳು ಅವಳು. ವೆಂಡೆಲ್ ಕಟ್ಟೆಯಿಂದ ನೆಟ್ಟಗೆ ಅಂಚೆಮನೆಗೆ ಬಂದು ಆಚೆ ದಡದ ಒಂದು ಮನೆಗೆ ಫೋನ್ ಹಚ್ಚಿಸಿದ್ದ. ಆ ಮನೆಯ ಹುಡುಗಿಯನ್ನು ಮದುವೆಗೆ ಕೇಳುವುದಕ್ಕೇ ಅವನು ಸೂಟು ಹೊಲಿಸಿದ್ದು. ಬೆಳಗಿನ ಹಡಗಿಗೆ ನಾನು ಬಂದರೆ ಮಾತು ಉಳಿಯಿತೆಂದು ತಿಳಿ, ಬಾರದಿದ್ದರೆ ಮನಸ್ಸು ಬದಲಾಯಿತೆಂದು ತಿಳಿ ಎಂಬ ಒಪ್ಪಂದವಿತ್ತು ಅವರಿಬ್ಬರಲ್ಲಿ. ಆ ಮನೆಯಲ್ಲಿ ಗಂಟೆ ಬಡಿಯಿತು, ಬಡಿಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಸಾಕು ಮರ್ಟಲ್ ಎಂದ ವೆಂಡೆಲ್. ಅವಳು ತಂತಿ ಕಿತ್ತಳು. ಸಂಜೆಯ ಹಡಗಿಗೆ ಹೋದಾಗ ಹುಡುಗಿ ಅವನ ಮುಖ ನೋಡಲಿಲ್ಲ, ಬೇಸಗೆ ಮುಗಿಯುವುದರೊಳಗೆ ಬೇರೆ ಊರಿಗೆ ಮದುವೆಯಾಗಿ ಹೋದಳು. ವೆಂಡೆಲ್ ಮದುವೆಯೇ ಆಗಲಿಲ್ಲ. ಕಡಲಲ್ಲಿ ಗೂಟ ನೆಟ್ಟು ಬಲೆ ಕಟ್ಟಿ ಮೀನು ಹಿಡಿದ, ಡಲ್ಸ್ ಎಂಬ ಕೆಂಪು ಪಾಚಿಯನ್ನು ಕಲ್ಲಿನ ಮೇಲೆ ಒಣಗಿಸಿ ಮಾರಿದ. ಅಣ್ಣತಮ್ಮಂದಿರು ಐವತ್ತು ವರ್ಷ ಭಾನುವಾರದ ಊಟಕ್ಕೆ ಒಂದೇ ಮೇಜಿಗೆ ಕೂತರು. ಆ ಹಡಗಿನ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಲೀಮನ್ ಒಂದು ದಿನ ತಾನಾಗಿ ಅದನ್ನು ಎತ್ತಿದನಂತೆ. ಆವತ್ತು ನಾನು ಕಾಯಬೇಕಿತ್ತು ಎಂದನಂತೆ. ವೆಂಡೆಲ್ ಸ್ಲೇಟು ಹುಡುಕುವುದರೊಳಗೆ ಡಾಕ್ಟರು ಬಂದರು, ಆಮೇಲೆ ಹಡಗಿಗೆ ಹೊತ್ತಾಯಿತು. ಇದಿಷ್ಟನ್ನೂ ವೆಂಡೆಲ್ ಮೊನ್ನೆ ಸ್ಲೇಟಿನ ಮೇಲೆ ಬರೆದು, ಮರ್ಟಲ್ ಓದುತ್ತಿದ್ದಂತೆಯೇ ತೋಳಿನಿಂದ ಒರೆಸಿಬಿಟ್ಟಿದ್ದ. ಅಣ್ಣನಿಗೆ ಕೊಡಬೇಕಾದ ಉತ್ತರವನ್ನು ಅವನು ಅವಳಿಗೆ ತೋರಿಸಲಿಲ್ಲ. ಅವಳೂ ಕೇಳಲಿಲ್ಲ.

ಅವಳು ಬಾಗಿಲು ತಳ್ಳಿದಾಗ ಕೆಟಲು ಕುದಿಯುತ್ತಿತ್ತು. ವೆಂಡೆಲ್ ಎರಡು ಲೋಟಕ್ಕೆ ಡಬ್ಬಿಯ ಹಾಲು ಸುರಿದು ಟೀ ಮಾಡಿದ. ಕಿಟಕಿಯಾಚೆ ಏನೂ ಇರಲಿಲ್ಲ, ಹಿತ್ತಲಿಲ್ಲ, ಕಡಲಿಲ್ಲ. ಬಿಳಿ ಹಾಳೆಯೊಂದರೊಳಗೆ ಮನೆಯನ್ನು ಸುತ್ತಿ ಇಟ್ಟಂತಿತ್ತು.

ಆಗಿದ್ದೇನೆಂದರೆ, ವೆಂಡೆಲನಿಗೆ ಮೇಲ್ ಕೊಡುವ ಕಂಪನಿಯವರು ತಿಂಗಳ ಹಿಂದೆಯೇ ಒಂದು ತಿಳಿವಳಿಕೆ ಕಳಿಸಿದ್ದರು. ನಿಮ್ಮ ಅಂಚೆಡಬ್ಬಿ ಇನ್ನು ನಮ್ಮ ಕಟ್ಟಡದಲ್ಲಿರುವುದಿಲ್ಲ, ಕ್ಲೌಡ್ ಎಂಬ ಮೋಡದಲ್ಲಿರುತ್ತದೆ, ಒಳಗೆ ಹೋಗಲು ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲಿ ಮೂಡುವ ಆರು ಅಂಕಿಯ ಕೋಡೂ ಬೇಕು ಎಂದು. ಊರಿನ ಉಳಿದವರು ಕೋಡನ್ನು ಮನೆಯ ಫೋನಿಗೆ ಹೇಳಿಸಿಕೊಂಡರು. ವೆಂಡೆಲನಿಗೆ ಫೋನ್ ಎತ್ತಿ ಹಲೋ ಎನ್ನಲಾಗದು. ಹಾಗಾಗಿ ಕಾಲೀನ್ ಆಸ್ಪತ್ರೆಯಲ್ಲೇ ಅವನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಅದರೊಳಗೆ ಅರ್ಧ ನಿಮಿಷಕ್ಕೊಂದು ಹೊಸ ಕೋಡು ಮೂಡುತ್ತದೆ. ಅಲ್ಲಿ ಪರೀಕ್ಷೆ ಮಾಡಿದಾಗ ಚೆನ್ನಾಗಿಯೇ ನಡೆದಿತ್ತು.

"ಮೋಡ ಕೆಳಗಿಳಿದ್ರೆ ಮಂಜು" ಎಂದು ವೆಂಡೆಲ್ ಸ್ಲೇಟಿನ ಮೇಲೆ ಬರೆದ. "ಹಂಗಾದ್ರೆ ನನ್ ಕಾಗದ ಎಲ್ಲಾ ಇಲ್ಲೇ ಬಾಗ್ಲಾಚೆ ಇರ್ಬೇಕಲ್ಲ."

ಮರ್ಟಲ್ ಕಿಟಕಿಯ ಕಡೆ ನೋಡಿದಳು. ಹೊಗೆಯ ಕೊಟ್ಟಿಗೆಯಲ್ಲಿ ಕೋಲಿಗೆ ಪೋಣಿಸಿದ ಹೆರಿಂಗುಗಳು ಸಾಲು ಸಾಲಾಗಿ ತೂಗಾಡುತ್ತಿದ್ದುದು ಅವಳ ಕಣ್ಣಿಗೆ ಬಂತು. ಹಾಗೇ ಲೀಮನ್‌ನ ಮಾತುಗಳೂ ಆ ಬಿಳುಪಿನಲ್ಲಿ ತೂಗಾಡುತ್ತಿರಬಹುದು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲೇ.

ಒಂಬತ್ತು ದಿನದಲ್ಲಿ ಅವಳು ಮಾಡದೆ ಬಿಟ್ಟದ್ದಿಲ್ಲ. ಇಂಟರ್ನೆಟ್ಟಿನ ಪೆಟ್ಟಿಗೆಯನ್ನು ಆರಿಸಿ ಹತ್ತಿಸಿದ್ದಳು. ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಹೇಳಿ ಹೊಡೆಸಿದ್ದಳು. ಮೇಲ್ ಹೋಗುವ ಸರ್ವರಿನ ಹೆಸರು, ಬರುವ ಸರ್ವರಿನ ಹೆಸರು, ಎರಡನ್ನೂ ತಿಳಿವಳಿಕೆಯ ಕಾಗದದ ಜೊತೆ ಬೆರಳಿಟ್ಟು ಹೋಲಿಸಿದ್ದಳು. ಹಳೆಯ ಡಬ್ಬಿಯನ್ನು ಅಳಿಸಿ ಹೊಸದಾಗಿ ಸೇರಿಸಿದ್ದಳು. ಎಲ್ಲಾ ದಾಟಿ ಕೊನೆಯ ಬಾಗಿಲಿಗೆ ಬಂದು ಆರು ಅಂಕಿ ಹೊಡೆದ ಮೇಲೆ ಪರದೆ ಅದೇ ಮಾತು ಹೇಳುತ್ತಿತ್ತು: ಈ ಕೋಡು ಸರಿಯಿಲ್ಲ, ಮತ್ತೆ ಪ್ರಯತ್ನಿಸಿ. ನೋಟುಬುಕ್ಕಿನಲ್ಲಿ ಆ ಸಾಲನ್ನು ನಲವತ್ತೊಂದು ಸಲ ಬರೆದುಕೊಂಡಿದ್ದಳು. ಕಂಪನಿಯ ಸಹಾಯದವರಿಗೆ ಮೂರು ಸಲ ಫೋನ್ ಮಾಡಿದ್ದಳು. ಪ್ರತಿ ಸಲವೂ ಬೇರೆ ದನಿ, ಪ್ರತಿ ಸಲವೂ ಪೆಟ್ಟಿಗೆ ಆರಿಸಿ ಹತ್ತಿಸುವುದರಿಂದಲೇ ಶುರು.

ನಿನ್ನೆ ಆಸ್ಪತ್ರೆಗೂ ಫೋನ್ ಮಾಡಿ ವೆಂಡೆಲನ ಡಬ್ಬಿ ಕೆಟ್ಟಿದೆ ಎಂದು ಕಾಲೀನ್‌ಗೆ ಹೇಳಿದ್ದಳು. ಮುದುಕ ಎದ್ದ ಕೂಡಲೇ ತಮ್ಮನ ಕಾಗದ ಬಂತಾ ಎಂದು ಕೇಳುತ್ತಾನೆ, ಇಲ್ಲವೆಂದರೂ ತಾನು ಮಾತ್ರ ದಿನಾ ಒಂದು ಬರೆಸುತ್ತಾನೆ ಎಂದಿದ್ದಳು ಕಾಲೀನ್.

ಇವತ್ತು ವೆಂಡೆಲನ ಮನೆಯ ಫೋನಿನಿಂದ ಕಂಪನಿಗೆ ನಾಲ್ಕನೆಯ ಸಲ ಹಚ್ಚಿದಾಗ ಸಿಕ್ಕವನು ಆರ್ನೆಲ್ ಎಂಬವನು. ಎಷ್ಟೋ ದೂರದ ವಿನಿಪೆಗ್ ನಗರದಲ್ಲಿ ಕೂತಿದ್ದ. ಮೆತ್ತಗಿನ ದನಿ, ಅವಸರವಿಲ್ಲದವನು. ಪೆಟ್ಟಿಗೆ ಆರಿಸಿ ಎನ್ನಲಿಲ್ಲ. ಮೊದಲು ನಡೆದದ್ದನ್ನೆಲ್ಲ ಹೇಳಿ, ಕೇಳುತ್ತೇನೆ ಎಂದ. ಮರ್ಟಲ್ ನೋಟುಬುಕ್ಕು ತೆರೆದು ಒಂಬತ್ತು ದಿನವನ್ನೂ ಓದಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ಪಾಸ್‌ವರ್ಡ್ ಸರಿಯಿದೆ, ಸರ್ವರ್ ಸರಿಯಿದೆ, ಡಬ್ಬಿಯೂ ಚೆನ್ನಾಗಿದೆ, ಒಳಗೆ ಕಾಗದಗಳು ಬಂದು ಕೂತಿರುವುದೂ ತನಗೆ ಕಾಣುತ್ತಿದೆ ಎಂದ. ತೆರೆದು ನೋಡುವ ಅಧಿಕಾರ ಮಾತ್ರ ತನಗಿಲ್ಲ. ಕೋಡನ್ನು ತನಗೆ ಹೇಳಬೇಡಿ, ಅವರೇ ಇನ್ನೊಂದು ಸಲ ಹೊಡೆಯಲಿ ಎಂದ. ವೆಂಡೆಲ್ ಹೊಡೆದ. ಅದೇ ಮಾತು ಬಂತು. ವೆಂಡೆಲ್ ಎದ್ದು ಹೋಗಿ ಕಿಟಕಿಗೆ ಹಣೆ ಒತ್ತಿ ನಿಂತ.

ಮರ್ಟಲ್ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಜನ ಮಾತು ನಿಲ್ಲಿಸಿದಾಗಲೇ ತಂತಿ ಮಾತಾಡುತ್ತದೆ ಎಂಬುದು ಅವಳು ಹದಿನೇಳಕ್ಕೇ ಕಲಿತದ್ದು. ಆರ್ನೆಲ್‌ನ ಹಿಂದೆ ಯಾರೋ ಕುರ್ಚಿ ಎಳೆದರು, ಒಂದು ಚಮಚ ಲೋಟದಲ್ಲಿ ತಿರುಗಿತು. ಅದರಾಚೆ, ಬಹಳ ಆಳದಲ್ಲಿ, ಒಂದು ರೇಡಿಯೋ ಸಣ್ಣಗೆ ಪೀಪ್ ಪೀಪ್ ಎಂದು ಗಂಟೆ ಹೇಳಿ ಸುದ್ದಿ ಶುರುಮಾಡಿತು.

"ನಿಮ್ ಕಡೆ ಎಷ್ಟ್ ಗಂಟೆಯಪ್ಪ?" ಎಂದು ಕೇಳಿದಳು.

"ಈಗ ಹತ್ತಾಯ್ತು ಮೇಡಂ. ಸರಿಯಾಗಿ ಹತ್ತು."

ವಿನಿಪೆಗ್ ನಮಗಿಂತ ಎರಡು ಗಂಟೆ ಹಿಂದೆ. ಅಂದರೆ ಇಲ್ಲಿ ಹನ್ನೆರಡು. ವೆಂಡೆಲನ ಗೋಡೆಯ ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು. ಸರಿಯಾಗಿದೆ ಎಂದಿತು ಅವಳ ಮನಸ್ಸು, ಎಂದಿನಂತೆ ಹತ್ತು ಕಳೆದು. ಕಳೆದ ಮೇಲೆ, ನೆಲವಿದೆ ಎಂದು ಇಟ್ಟ ಕಾಲಿಗೆ ಮೆಟ್ಟಿಲು ಸಿಗದೇ ಹೋದಂತೆ, ಅಲ್ಲೇ ನಿಂತುಬಿಟ್ಟಿತು. ಮೇಜಿನ ಮೇಲೆ ವೆಂಡೆಲನ ಮೊಬೈಲಿತ್ತು. ಅದರಲ್ಲೂ ಹನ್ನೆರಡೂ ಹತ್ತು.

"ಆರ್ನೆಲಪ್ಪ, ಒಂದ್ ಮಾತು. ಈ ಕೋಡು ಮೂಡ್ತದಲ್ಲ, ಅದು ಗಡಿಯಾರ ನೋಡ್ಕೊಂಡು ಮೂಡ್ತದಾ?"

"ಹೌದು ಮೇಡಂ. ನಿಮ್ ಫೋನೂ ನಮ್ ಸರ್ವರೂ ಒಂದೇ ಕ್ಷಣದಲ್ಲಿ ಒಂದೇ ಲೆಕ್ಕ ಹಾಕ್ತವೆ. ಕ್ಷಣ ಬೇರೆಯಾದ್ರೆ ಕೋಡೂ ಬೇರೆಯಾಗುತ್ತೆ. ಆದ್ರೆ ಫೋನ್ ತಾನಾಗೇ ಟೈಮ್ ಸರಿ ಮಾಡ್ಕೊಳ್ಳುತ್ತಲ್ಲ?"

"ನಮ್ಮಲ್ಲಿ ಬಿಡೋದಿಲ್ಲ" ಎಂದಳು ಮರ್ಟಲ್. "ನಾವು ಹತ್ತು ನಿಮಿಷ ಮುಂದೆ ಇದ್ದೀವಪ್ಪ."

"ಯಾರು ಮೇಡಂ?"

"ಇಡೀ ದ್ವೀಪ."

ಆ ಕಡೆ ಚಮಚದ ಸದ್ದು ನಿಂತಿತು. ಅವಳು ಬಿಡಿಸಿ ಹೇಳಿದಳು. ನಮ್ಮ ದ್ವೀಪದ ಮೇಲೆ ಎರಡು ದೇಶದ ಟವರುಗಳ ನೆರಳು ಬೀಳುತ್ತದೆ. ಗಾಳಿ ತಿರುಗಿದಂತೆ ಮೊಬೈಲು ಒಮ್ಮೆ ಗಡಿಯಾಚೆ ಮೇನ್ ಕಡೆಯ ಗಂಟೆ, ಒಮ್ಮೆ ನಮ್ಮದೇ ದೇಶದ ನ್ಯೂ ಬ್ರನ್ಸ್‌ವಿಕ್‌ನ ಗಂಟೆ ಹಿಡಿಯುತ್ತದೆ. ಅಡುಗೆಮನೆಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಒಂದು ಗಂಟೆ ಹಿಂದೆ ಬಿದ್ದಿರುತ್ತೀರಿ. ಅದಕ್ಕೇ ಹಡಗು ಇಳಿದ ಕೂಡಲೇ ಎಲ್ಲರೂ ಫೋನಿನ ತಾನಾಗಿ ಓಡುವ ಗಂಟೆಯನ್ನು ನಿಲ್ಲಿಸಿ, ಕಟ್ಟೆಯ ಗಡಿಯಾರ ನೋಡಿ ಕೈಯಲ್ಲೇ ಸರಿಮಾಡಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ವೆಂಡೆಲನ ಫೋನು ಲೋಕದ ಗಂಟೆಯಲ್ಲಿತ್ತು, ಕೋಡು ಒಪ್ಪಿತು. ಕಟ್ಟೆಯಲ್ಲಿ ಇಳಿದು ಹಡಗಿನ ಹೊತ್ತಿಗೆ ತಿರುಗಿಸಿದ, ಅಲ್ಲಿಗೆ ಬಾಗಿಲು ಮುಚ್ಚಿತು. ಒಂಬತ್ತು ದಿನ ಅವನು ಇನ್ನೂ ಹುಟ್ಟದ ಕ್ಷಣದ ಕೋಡನ್ನು ಹೊಡೆಯುತ್ತ ಕೂತಿದ್ದ. ದಿನಾ ಬಂದು ನೋಡುತ್ತಿದ್ದ ಅವಳಿಗೂ ಕಾಣಲಿಲ್ಲ, ಯಾಕೆಂದರೆ ಅವಳೂ ಅಲ್ಲೇ ಇದ್ದಳು, ಅದೇ ಹತ್ತು ನಿಮಿಷದಾಚೆ. ಕಂಪ್ಯೂಟರಿನ ಮೂಲೆಯ ಗಂಟೆ ಸರಿಯಾಗಿಯೇ ಓಡುತ್ತಿತ್ತು. ಅದರ ಮೇಲೆ ವೆಂಡೆಲ್ ಯಾವತ್ತೋ ಮೀನಿನ ಚಿತ್ರದ ಸ್ಟಿಕ್ಕರ್ ಅಂಟಿಸಿದ್ದ. ಒಂದು ಮನೆಗೆ ಎರಡು ಗಂಟೆ ಯಾಕೆ ಎಂದು.

ಆರ್ನೆಲ್ ನಗಲಿಲ್ಲ. ಹತ್ತು ವರ್ಷದಲ್ಲಿ ಹೀಗೊಂದು ಕೇಳಿಲ್ಲ ಮೇಡಂ ಎಂದ, ಅಷ್ಟೇ. ಫೋನಿನಲ್ಲಿ ತಾನಾಗಿ ಓಡುವ ಗಂಟೆಯನ್ನು ಮತ್ತೆ ಹತ್ತಿಸಲು ಹೇಳಿದ. ಮರ್ಟಲ್ ಒತ್ತಿದಳು. ಫೋನು ಮೇನ್ ಕಡೆಯ ಟವರಿಗೆ ಕೈಚಾಚಿ ಹನ್ನೊಂದೂ ಎಂಟು ಎಂದಿತು. ವೆಂಡೆಲ್ ಅದನ್ನು ಕಿತ್ತುಕೊಂಡು ಅವಳ ಮುಖದ ಮುಂದೆ ಹಿಡಿದ, ಇದೆಂಥದು ಎನ್ನುವ ಹಾಗೆ. ಅವಳು ಆರ್ನೆಲ್‌ಗೆ ಹೇಳಿದಳು.

"ಅದು ಪರವಾಗಿಲ್ಲ ಮೇಡಂ" ಎಂದ ಅವನು. "ಗಂಟೆ ಅನ್ನೋದು ಊರಿಗೊಂದು ಹೆಸರು. ಅದರ ಕೆಳಗಿರೋ ಕ್ಷಣ ಎಲ್ಲರಿಗೂ ಒಂದೇ. ಕೋಡಿಗೆ ಬೇಕಾಗಿರೋದು ಅದು."

ವೆಂಡೆಲ್ ಕೂತ. ಆರು ಅಂಕಿ ಹೊಡೆದ. ಪರದೆ ಒಂದು ಉಸಿರಿನಷ್ಟು ಹೊತ್ತು ಖಾಲಿಯಾಯಿತು. ಆಮೇಲೆ ಕಾಗದಗಳು ಬರತೊಡಗಿದವು, ಒಂದರ ಮೇಲೊಂದು, ಮಂಜಿನಿಂದ ದೋಣಿಗಳು ಹೊರಬರುವ ಹಾಗೆ, ಮೊದಲು ಮೂತಿ, ಆಮೇಲೆ ಮೈ. ಲೀಮನ್‌ನ ಹೆಸರು ಒಂಬತ್ತು ಸಲ. ಮರ್ಟಲ್ ಆರ್ನೆಲ್‌ಗೆ ಒಳ್ಳೆಯದಾಗಲಿ ಎಂದು ಹೇಳಿ ಫೋನಿಟ್ಟು, ಎದ್ದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಹಿಂದೆ ಇಲಿ ಕಡಿಯುವ ಹಾಗೆ ಮೌಸಿನ ಸದ್ದು ಒಂದು, ಎರಡು, ಮೂರು. ಎಣಿಸಬಾರದೆಂದರೂ ಎಣಿಸಿದಳು. ಒಂಬತ್ತನೆಯದರ ಮೇಲೆ ಸದ್ದು ನಿಂತಿತು.

ಆಮೇಲೆ ಕುರ್ಚಿ ಸರಿಯಿತು. ವೆಂಡೆಲ್ ಕಂಪ್ಯೂಟರನ್ನು ಅವಳ ಕಡೆಗೆ ತಿರುಗಿಸಿದ್ದ. ಆ ದಿನ ಬೆಳಿಗ್ಗೆ ಬಂದದ್ದು. ಕಾಲೀನ್ ಮುದುಕನ ಮಾತನ್ನು ಒಂದಕ್ಷರ ತಿದ್ದದೆ ಹೊಡೆದಿದ್ದಳು.

"ನಿನ್ ಡಬ್ಬಿ ಮಂಜಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಮರ್ಟಲ್ ಹೇಳಿದ್ಲಂತೆ. ಅವಸರ ಇಲ್ಲ. ನಿಧಾನಕ್ಕೆ ಬಾ. ನಾಳೆ ಬೆಳಿಗ್ಗೆವರ್ಗೂ ಇಲ್ಲೇ ಇರ್ತೀನಿ. ಈ ಸಲ ಹಗ್ಗ ಬಿಚ್ಚಲ್ಲ."

ಮರ್ಟಲ್ ಓದಿದಳು. ವೆಂಡೆಲ್ ಸ್ಲೇಟು ತೆಗೆದುಕೊಂಡ. ಏನೋ ಬರೆದ, ಒರೆಸಿದ, ಮತ್ತೆ ಬರೆದ.

"ಆವತ್ತು ಎಷ್ಟು ಸಲ ರಿಂಗ್ ಆಯ್ತು?"

ಯಾವತ್ತು ಎಂದು ಅವಳು ಕೇಳಲಿಲ್ಲ. ಕೇಳಿದ್ದು ಕೇಳಿದಲ್ಲೇ ಇರಬೇಕು ಎಂದು ಕಲಿಸಿದವರೆಲ್ಲ ತೀರಿಹೋಗಿದ್ದರು. ಹಲಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಮಾತು ಯಾರದೋ, ಹೇಳಿದರೆ ಮುಟ್ಟುವುದೂ ಅವರಿಗೇ.

"ಇಪ್ಪತ್ತಾರು" ಎಂದಳು. "ಇಪ್ಪತ್ತೇಳನೇದು ಅರ್ಧಕ್ಕೆ ನಿಂತೋಯ್ತು. ಸಾಕು ಅಂದ್ಯಲ್ಲ."

ವೆಂಡೆಲ್ ತಲೆಯಾಡಿಸಿದ. ಎಷ್ಟೋ ದಿನದಿಂದ ಹುಡುಕುತ್ತಿದ್ದದ್ದನ್ನು ಯಾರೋ ತಂದು ಅಂಗೈಯಲ್ಲಿ ಇಟ್ಟಂತೆ ಕಂಡ. ಆಮೇಲೆ ಪರದೆಯ ಮೂಲೆಯಿಂದ ಮೀನಿನ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ ಕಿತ್ತು ಸ್ಲೇಟಿನ ಚೌಕಟ್ಟಿಗೆ ಅಂಟಿಸಿದ. ಗೋಡೆಯ ಗಡಿಯಾರವನ್ನು ಮುಟ್ಟಲಿಲ್ಲ. ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತ.

ಮರ್ಟಲ್ ಬಿಸ್ಕತ್ತಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಸದ್ದಾಗದಂತೆ ಬಾಗಿಲೆಳೆದುಕೊಂಡಳು. ಮೆಟ್ಟಿಲಿಳಿಯುವಷ್ಟರಲ್ಲಿ ಒಳಗೆ ಕೀಲಿಮಣೆ ಶುರುವಾಯಿತು. ಮೊದಲು ಹನಿ ಬಿದ್ದ ಹಾಗೆ ಒಂದೊಂದೇ, ಆಮೇಲೆ ಬಿಡುವಿಲ್ಲದೆ. ದನಿಯಿಲ್ಲದವನು ಇಷ್ಟು ಮಾತಾಡುವುದನ್ನು ಅವಳು ಕೇಳಿರಲಿಲ್ಲ. ಮಂಜಿನಲ್ಲಿ ಆ ಸದ್ದು ರಸ್ತೆಯ ತಿರುವಿನವರೆಗೂ ಅವಳ ಜೊತೆ ನಡೆದು ಬಂತು.

ಕಟ್ಟೆಯಲ್ಲಿ ಗಡಿಯಾರದ ಮುಖ ಈಗಲೂ ಕಾಲಿಲ್ಲದೆ ತೇಲುತ್ತಿತ್ತು. ಅವಳು ಕೆಳಗಿನ ಬೆಂಚಿನ ಮೇಲೆ ಕೂತಳು. ಗಡಿಯಾರ ಒಂದು ಗಂಟೆ ಎನ್ನುತ್ತಿತ್ತು, ಲೋಕ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ನಡುವೆ ಒಂದಿಷ್ಟು ಹೊತ್ತು ಯಾರಿಗೂ ಸೇರದೆ ಬಿದ್ದಿತ್ತು. ಅದರೊಳಗೆ ಅವಳು ಕೈ ಮಡಚಿಕೊಂಡು ಕೂತು ನೀರಿನ ಸದ್ದು ಕೇಳಿದಳು. ಏಣಿ ಹತ್ತಿ ಮುಳ್ಳು ತಿರುಗಿಸುತ್ತಿದ್ದ ಮೂವತ್ತೆರಡರ ಲೀಮನ್ ಇಲ್ಲೇ ಎಲ್ಲೋ ಮೇಲೆ ಇರುವ ಹಾಗಿತ್ತು. ತಮ್ಮನಿಗೆ ಆಡಲಾಗದ ಒಂದು ಮಾತನ್ನು ಇಡೀ ಊರಿನ ಮಣಿಕಟ್ಟಿಗೆ ಕಟ್ಟಿ ಇಳಿದು ಹೋದವನು.

ಸಂಜೆ ಅವಳು ಒಲೆಯ ಮುಂದೆ ಕೂತಿದ್ದಾಗ ಫೋನು ಬಡಿಯಿತು. ಎತ್ತಿ ಕಿವಿಗಿಟ್ಟರೆ ಮಾತಿಗೆ ಮೊದಲು ಉಸಿರು. ಉಸಿರು ಕಾಲೀನ್‌ದು, ಸುದ್ದಿ ಸಿಹಿ ಎಂದು ಅವಳಿಗೆ ತಿಳಿದುಹೋಯಿತು.

ಕಾಗದ ಬಂತು, ಓದಿ ಹೇಳಿದೆ ಎಂದಳು ಕಾಲೀನ್. ಉದ್ದದ ಕಾಗದ. ಅದರಲ್ಲಿ ಏನಿತ್ತೆಂದು ಅವಳು ಹೇಳಲಿಲ್ಲ, ಮರ್ಟಲ್ ಕೇಳಲೂ ಇಲ್ಲ. ಲೀಮನ್ ಎರಡು ಸಲ ಓದಿಸಿಕೊಂಡನಂತೆ. ಎರಡನೆಯ ಸಲ ಕಣ್ಣು ಮುಚ್ಚಿಕೊಂಡೇ ಕೇಳಿದನಂತೆ.

"ಆಮೇಲೆ ಗಂಟೆ ಎಷ್ಟಾಯ್ತು ಅಂತ ಕೇಳಿದ್ರು ಮರ್ಟಲ್ ಆಂಟಿ. ನಾಲ್ಕು ಅಂದೆ. ಇಲ್ಲ, ನಮ್ಮೂರಲ್ಲಿ ನಾಲ್ಕೂ ಹತ್ತು ಅಂದ್ರು. ಅಂದು ಮಲಗಿಬಿಟ್ರು. ಮಗು ಥರ ನಿದ್ದೆ ಮಾಡ್ತಿದಾರೆ. ಏನ್ ಅದರ ಅರ್ಥ?"

ಮರ್ಟಲ್ ಒಲೆಯ ಮೇಲಿನ ಗಡಿಯಾರ ನೋಡಿದಳು.

"ಏನಿಲ್ಲ ಮಗಾ" ಎಂದಳು. "ಅವ್ರು ಹಡಗು ಕಾಯ್ತಿದ್ರು, ಬಂತು."

ಫೋನಿಟ್ಟ ಮೇಲೂ ಅವಳು ಎದ್ದು ದೀಪ ಹಾಕಲಿಲ್ಲ. ಹೊರಗೆ ದೋಣಿಗಳಿಗೆ ದಾರಿ ಹೇಳುವ ಮಂಜುಕೊಂಬು ಒಂದು ಸಲ ಊದಿ ಸುಮ್ಮನಾಯಿತು. ಮಡಿಲಲ್ಲಿ ಅವಳ ಬೆರಳುಗಳು ತಾವಾಗಿ ಅಲುಗಿದವು. ಒಂದು ತಂತಿಯನ್ನು ಮೆಲ್ಲಗೆ ಎತ್ತಿದವು, ತೂತು ಹುಡುಕಿದವು, ಚುಚ್ಚಿದವು. ಎರಡೂ ತುದಿಯಲ್ಲಿ ಉಸಿರು ಕೇಳಿಸಿದ ಮೇಲೆ ಅವಳು ಕಿವಿಯನ್ನು ಹಿಂದಕ್ಕೆ ತೆಗೆದುಕೊಂಡಳು.